ಜಂಗಲ್ ಶಬ್ದದ ಅರ್ಥ ಹೇಳಹೋಗಿ

ನವನಗರ

ನಮ್ಮ ಮನೆಯ ಬಲಕ್ಕೆ ಒಂದು ಖಾಲಿ ಸೈಟಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಎಕ್ಕೆ, ಜಾಲಿ, ಹೆಸರು ಗೊತ್ತಿಲ್ಲದ ಇನ್ನೂ ಹತ್ತಾರು ಗಿಡಗಳು ಆಳೆತ್ತರ ಬೆಳೆದು ನಿಲ್ಲುತ್ತವೆ. ಗಿಡಗಂಟಿ ತೆಗೆಸಬೇಕೆಂದು ನಾನು ಪಾಲಿಕೆಗೆ ಅರ್ಜಿ ಬರೆದುಕೊಟ್ಟೆ. ಮರುದಿನವೇ ಕುಡುಗೋಲು ಹಿಡಿದು ಇಬ್ಬರು ಬಂದರು.

"ಜಂಗಲ್ ಕಟಿಂಗ್ ಇಲ್ಲೇ ಏನ್ರಿ ಅಕ್ಕೋರ?"

ಮೂವತ್ತೆರಡು ವರ್ಷ ಧಾರವಾಡದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವಳು ನಾನು. ತಪ್ಪು ಕಂಡರೆ ಸುಮ್ಮನಿರುವ ಅಭ್ಯಾಸವಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಕಾಗುಣಿತ ನೋಡಿ, ಆಮೇಲೆ ಮದುಮಕ್ಕಳ ಹೆಸರು ಓದುತ್ತೇನೆ. ಆ ಇಬ್ಬರನ್ನೂ ಗೇಟಿನ ಬಳಿ ನಿಲ್ಲಿಸಿಕೊಂಡು, ಜಂಗಲ್ ಎಂಬುದು ಇಂಗ್ಲಿಷಿನ ಶಬ್ದವಲ್ಲ, ನಮ್ಮ 'ಜಾಂಗಲ' ಎಂದು ಹೇಳಿದೆ. ಜಾಂಗಲವೆಂದರೆ ಒಣ ಭೂಮಿ. ಮರ ಕಡಿಮೆ, ನೀರು ಕಡಿಮೆ, ಗಾಳಿ ಬಿಸಿಲು ಜಾಸ್ತಿ. ಆಯುರ್ವೇದದ ಹಳೆಯ ವೈದ್ಯರು ಆರೋಗ್ಯಕ್ಕೆ ಒಳ್ಳೆಯದೆಂದು ಹೊಗಳಿದ್ದು ಅಂಥ ನೆಲವನ್ನು. ಆ ಶಬ್ದ ಹಿಂದಿ, ಮರಾಠಿಯ ಬಾಯಿಗೆ ಬೀಳುವಷ್ಟರಲ್ಲಿ ಬೀಳುಬಿದ್ದ ನೆಲ ಎಂದಾಯಿತು. ಆಂಗ್ಲರ ಕೈಗೆ ಸಿಕ್ಕ ಮೇಲಂತೂ ಪೂರ್ತಿ ತಿರುವುಮುರುವಾಗಿ, ಬಿಸಿಲು ಕಾಣದ ದಟ್ಟ ಅಡವಿಯಾಗಿ ನಮಗೇ ವಾಪಸ್ಸು ಬಂತು. ಇಷ್ಟನ್ನೂ ಹೇಳಿದೆ.

ಅವರಲ್ಲಿ ಹಿರಿಯನಾದವನು ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡ. "ಹಂಗಾರ ಇದನ್ನ ಕಡೀಬೇಕೋ, ಬ್ಯಾಡೋ?" ಎಂದ.

ಇದೇ ಪಾಠವನ್ನು ನನ್ನ ತಮ್ಮ ಬಸಲಿಂಗಪ್ಪನಿಗೂ ಮಾಡಿದ್ದೆ. ಅವನು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನಲ್ಲಿರುತ್ತಾನೆ. ನಮ್ಮ ತವರಿನ ಹೊಲ ಅವನೇ ಮಾಡುತ್ತಾನೆ, ಕಡಲೆ ಹತ್ತಿ ಬೆಳೆಯುತ್ತಾನೆ, ಸೀಸನ್ನಿನಲ್ಲಿ ಕಾಳಿನ ವ್ಯಾಪಾರವನ್ನೂ ಮಾಡುತ್ತಾನೆ. ಕಳೆದ ವರ್ಷ ಎದೆನೋವೆಂದು ಸತ್ತೂರಿನ ಆಸ್ಪತ್ರೆಗೆ ಸೇರಿ, ಎರಡು ಸ್ಟೆಂಟ್ ಹಾಕಿಸಿಕೊಂಡು ಬಂದ. ಮೂರು ತಿಂಗಳು ಹೊಲದ ಕಡೆ ಮುಖ ಹಾಕಬಾರದೆಂದು ಡಾಕ್ಟರು ಹೇಳಿದ್ದರು. ಆ ಮೂರು ತಿಂಗಳು ಅವನು ಟೀವಿಯ ಮುಂದೆ ಕುಳಿತು ಪ್ರಾಣಿಗಳ ಚಾನೆಲ್ ನೋಡಿದ. ಅದು ಮುಗಿಯುವ ಹೊತ್ತಿಗೆ ಒಂದು ಆಸೆ ಅವನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು.

"ಅಕ್ಕಾ, ಸಾಯೂದ್ರಾಗ ಒಮ್ಮೆ ಖರೇ ಜಂಗಲ್ ನೋಡಬೇಕು."

"ದಾಂಡೇಲಿ ಇಲ್ಲೇ ಐತಲ್ಲೋ."

"ದಾಂಡೇಲಿಗೆ ಹೋದ್ರ ಬರೇ ಹುಬ್ಬಳ್ಳಿ ಮಂದಿ ಸಿಗ್ತಾರ."

ಆಗ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಶಬ್ದದ ಪ್ರಕಾರ ನೋಡಿದ್ರ ನೀ ಹುಟ್ಟಿದ್ದ ಜಂಗಲ್ನ್ಯಾಗ. ನಮ್ಮ ಸುಳ್ಳದ ಬಯಲೇ ಜಾಂಗಲ" ಎಂದೆ. ಅವನಿಗೆ ಬೇಸರವಾಯಿತು. "ಬಂಗಾರದಂಥಾ ಎರಿ ಭೂಮಿಗೆ ಜಂಗಲ್ ಅಂತೀಯಲ್ಲಕ್ಕಾ" ಎಂದು ಎದ್ದುಹೋದ.

ಆದರೂ ಮಲೇಷ್ಯಾಕ್ಕೆ ಹೊರಟ ಹನ್ನೆರಡು ಜನರ ತಂಡದಲ್ಲಿ ತನಗೊಂದು, ನನಗೊಂದು ಸೀಟು ಹಿಡಿದವನು ಅವನೇ. ನನ್ನ ಮನೆಯವರಿಗೆ ವಿಮಾನವೆಂದರೆ ಆಗದು, ತಮ್ಮನ ಹೆಂಡತಿಗೆ ದನ ಬಿಟ್ಟು ಬರಲಾಗದು. ಡಾಕ್ಟರು ಹೋಗಬಹುದೆಂದರು, ಆದರೆ ಗುಳಿಗೆ ತಪ್ಪಬಾರದೆಂದರು. ಗುಳಿಗೆಗಳನ್ನೆಲ್ಲ ನಾನೇ ನನ್ನ ಕೈಚೀಲದಲ್ಲಿ ಇಟ್ಟುಕೊಂಡೆ. ಅವನ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಕ್ವಾಲಾಲಂಪುರ

ನಮ್ಮನ್ನು ಕರೆದೊಯ್ದ ಟೂರ್ ಮ್ಯಾನೇಜರ್ ಸಂತೋಷ ಹುಬ್ಬಳ್ಳಿಯ ಹುಡುಗ, ಮೂವತ್ತರ ಆಸುಪಾಸು, ಮಾತು ಜಾಸ್ತಿ. ಹೋಟೆಲಿನ ಇಪ್ಪತ್ತಮೂರನೆಯ ಮಹಡಿಯ ಕಿಟಕಿಗೆ ನಮ್ಮನ್ನೆಲ್ಲ ಕರೆದು, ಮೋಡಕ್ಕೆ ಮುಟ್ಟಿದ ಕಟ್ಟಡಗಳನ್ನು ತೋರಿಸಿ, "ನೋಡ್ರಿ, ಇದಕ್ಕ ಅಂತಾರ ಕಾಂಕ್ರೀಟ್ ಜಂಗಲ್" ಎಂದ.

ಬಸಲಿಂಗಪ್ಪ ಬಹಳ ಹೊತ್ತು ಕೆಳಗೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. "ಇದೂ ಜಂಗಲ್, ನಿನ್ನ ಮನಿ ಬಾಜೂ ಸೈಟೂ ಜಂಗಲ್, ನಮ್ಮ ಹೊಲಾನೂ ಜಂಗಲ್. ಜಂಗಲ್ ಅಲ್ಲದ್ದು ಯಾವುದೈತಿ ಹೇಳಕ್ಕಾ."

ನಾನು ಕಾಂಕ್ರೀಟ್ ಎಂಬ ಶಬ್ದದ ಬಗ್ಗೆ ನಾಲ್ಕು ಮಾತು ಹೇಳಿದೆ.

ಬೆಳಗಿನ ತಿಂಡಿಗೆ ಕೆಳಗಿಳಿದಾಗ ಒಂದು ವಿಚಿತ್ರ ನೋಡಿದೆವು. ನೂರಾರು ಜನ ತಟ್ಟೆ ಹಿಡಿದು, ಒಬ್ಬರಿಗೊಬ್ಬರು ಮೈ ತಾಗಿಸದೆ, ಸಾಲಿನಲ್ಲಿ ನಿಂತಿದ್ದರು. ಯಾರೂ ನಡುವೆ ನುಗ್ಗುತ್ತಿರಲಿಲ್ಲ. ನಮ್ಮ ತಂಡದ ಒಬ್ಬರು ಅಭ್ಯಾಸಬಲದಿಂದ ನೇರ ಇಡ್ಲಿಯ ಹತ್ತಿರ ಹೋಗಿ ನಿಂತರು. ಅಲ್ಲಿನವರು ಬೈಯಲಿಲ್ಲ, ಇವರಿಗೆ ಏನೋ ತುರ್ತು ಇರಬೇಕೆಂದು ದಾರಿ ಬಿಟ್ಟರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ಗೋಡೆಯ ನಡುವೆಯೂ ಜಂಗಲ್ ಕಾನೂನು ಜಾರಿಯಲ್ಲಿರಬಹುದು ಎಂಬುದಕ್ಕೆ ನಾವೇ ಅಲ್ಲಿ ಪುರಾವೆಯಾಗಿದ್ದೆವು.

ತರಕಾರಿ ಪಲ್ಯ ಎಂದು ಬರೆದಿದ್ದ ಪಾತ್ರೆಯಲ್ಲಿ ಸಿಗಡಿಯ ವಾಸನೆ ಬಂತು. ಬಸಲಿಂಗಪ್ಪ ಜೇಬಿನಿಂದ ಕಡಕ್ ರೊಟ್ಟಿ ತೆಗೆದ. ಹೆಂಡತಿ ನಲವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಎಂದರೆ ಖಾರದ ಚಟ್ನಿಪುಡಿ, ಕಟ್ಟಿಕೊಟ್ಟಿದ್ದಳು. ಆ ಪ್ರವಾಸದುದ್ದಕ್ಕೂ ಅವನ ಜೇಬು ಕರಕರ ಎನ್ನುತ್ತಿತ್ತು.

ದೋಣಿಯ ದಾರಿ

ಕಾಡಿಗೆ ಹೋಗುವ ದೋಣಿ ಹತ್ತಲು ಬಸ್ಸಿನಲ್ಲಿ ಮೂರು ತಾಸು. ನಗರ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಹಸಿರು ಶುರುವಾಯಿತು, ಮುಗಿಯಲೇ ಇಲ್ಲ. ಬಸಲಿಂಗಪ್ಪ ಕಿಟಕಿಗೆ ಅಂಟಿಕೊಂಡು ಫೋಟೋ ಹೊಡೆದ, ಹೊಡೆದದ್ದನ್ನು ಊರಿಗೆ ಕಳಿಸಿದ. 'ಜಂಗಲ್ ಚಾಲೂ ಆತು' ಎಂದು ಕೆಳಗೆ ಬರೆದ.

ನಮ್ಮ ಗೈಡ್ ಹಾಶಿಮ್ ದೋಣಿಕಟ್ಟೆಯಲ್ಲಿ ಕಾದಿದ್ದರು. ಅರವತ್ತು ದಾಟಿದ ಮಲಯ ಗೃಹಸ್ಥರು, ತೆಳ್ಳನೆಯ ಮೈ, ಇಸ್ತ್ರಿ ಮಾಡಿದ ಅಂಗಿ. ಆ ದೇಶದಲ್ಲಿ ಬೆರಳು ಮಾಡಿ ತೋರಿಸುವುದು ಅಗೌರವವಂತೆ. ಅವರು ಮುಷ್ಟಿ ಕಟ್ಟಿ ಅದರ ಮೇಲೆ ಹೆಬ್ಬೆರಳನ್ನಿಟ್ಟು, ಎಲ್ಲವನ್ನೂ ಹೆಬ್ಬೆರಳಿನಿಂದಲೇ ತೋರಿಸುತ್ತಿದ್ದರು. ಬಸಲಿಂಗಪ್ಪ ತನ್ನ ಫೋಟೋಗಳನ್ನು ಅವರಿಗೆ ತೋರಿಸಿದ. ಹಾಶಿಮ್ ಇಂಗ್ಲಿಷಿನಲ್ಲಿ, ಬಹಳ ನಯವಾಗಿ, ಅದು ಕಾಡಲ್ಲ, ಎಣ್ಣೆತಾಳೆಯ ತೋಟ ಎಂದರು. ಮೂರು ತಾಸು ನಾವು ನೋಡಿದ್ದೆಲ್ಲ ತೋಟವೇ. ಹಿಂದೊಮ್ಮೆ ಅಲ್ಲಿ ಕಾಡಿತ್ತು.

"ನಾನೂ ಅಂದ್ಕೊಂಡೆ, ಜಂಗಲ್ ಇಷ್ಟ ಛಂದ ಸಾಲು ಹಿಡದು ಹೆಂಗ ಬೆಳದೈತಿ ಅಂತ" ಎಂದ ತಮ್ಮ. ಸುಳ್ಳಕ್ಕೆ ಹೋದ ಫೋಟೋಗಳನ್ನು ವಾಪಸ್ಸು ಪಡೆಯುವಂತಿರಲಿಲ್ಲ. "ನಾ ಬಸ್ಸಿನ್ಯಾಗ ಹೇಳಬೇಕಂದಿದ್ದೆ" ಎಂದು ನಾನೂ ಒಂದು ಮಾತು ಸೇರಿಸಿದೆ. ಅದೇನೂ ನಿಜವಲ್ಲ. ನಾನೂ ಅದನ್ನು ಕಾಡೆಂದೇ ತಿಳಿದಿದ್ದೆ.

ದೋಣಿ ಉದ್ದ, ಇಕ್ಕಟ್ಟು. ಚಹಾದ ಬಣ್ಣದ ಹೊಳೆ ನಮ್ಮ ಮೊಣಕೈಗೆ ತಾಗುವಷ್ಟು ಹತ್ತಿರ. ಹಾಶಿಮ್ ನಿವೃತ್ತ ಶಿಕ್ಷಕರೆಂದು, ಅದೂ ಮಲಯ ಭಾಷೆ ಕಲಿಸಿದವರೆಂದು ಗೊತ್ತಾದ ಮೇಲೆ ನನಗೆ ಹೊಳೆ, ದಂಡೆ ಯಾವುದೂ ಕಾಣಿಸಲಿಲ್ಲ. ನಿಮ್ಮಲ್ಲಿ ಜಂಗಲ್‌ಗೆ ಏನೆನ್ನುತ್ತೀರಿ ಎಂದು ಕೇಳಿದೆ. ಅವರು ಹೆಬ್ಬೆರಳಿನಿಂದ ದಂಡೆಯನ್ನು ತೋರಿಸುತ್ತ ಹೇಳಿದರು. ಕಾಡಿಗೆ ಹುತಾನ್. ಒಳಗಿನ ದೊಡ್ಡ ಕಾಡಿಗೆ ರಿಂಬಾ. ಒಮ್ಮೆ ಕಡಿದ ಮೇಲೆ ಮತ್ತೆ ಚಿಗುರಿದ ಪೊದೆಗೆ ಬೆಲುಕಾರ್. ಸ್ವಲ್ಪ ಯೋಚಿಸಿ, "ಹಳೆಯ ಕಥೆಗಳಲ್ಲಿ ಇನ್ನೊಂದು ಶಬ್ದ ಬರುತ್ತದೆ. ಜೆಂಗಾಲಾ. ಅದೂ ದಟ್ಟ ಕಾಡೇ. ಈಗ ಯಾರೂ ಆಡುವುದಿಲ್ಲ" ಎಂದರು.

ನಾನು ಎದ್ದು ನಿಂತೆ. ದೋಣಿ ವಾಲಿತು, ಎಲ್ಲರೂ ಕೂಗಿದರು, ಮತ್ತೆ ಕುಳಿತೆ. ನಮ್ಮ ಜಾಂಗಲವೇ ಅದು. ಆಂಗ್ಲರಿಗಿಂತ ಎಷ್ಟೋ ಮೊದಲು ಹಡಗು ಹತ್ತಿ ಇಲ್ಲಿಗೆ ಬಂದು, ಈ ಮಳೆಯಲ್ಲಿ ನೆನೆದು, ಇಲ್ಲೂ ತನ್ನ ಒಣ ಅರ್ಥವನ್ನು ಕಳೆದುಕೊಂಡಿತ್ತು. ಬರೀ ಆಂಗ್ಲರನ್ನು ದೂರುತ್ತಿದ್ದ ನನ್ನ ಪಾಠ ತಿದ್ದಬೇಕಾಗಿ ಬಂತು. ಈ ಸಂಗತಿಯನ್ನು ತಮ್ಮನಿಗೆ ಹೇಳಲು ತಿರುಗಿದೆ. ಅವನು ನೀಲಿ ಬಣ್ಣದ ಒಂದು ಮಿಂಚುಳ್ಳಿಯನ್ನು ನೋಡುತ್ತಿದ್ದ. ನನ್ನ ಮಾತಿಗೆ ಅದು ಹಾರಿಹೋಯಿತು.

ಹೊಳೆದಂಡೆಯ ಹಟ್ಟಿ

ರಾತ್ರಿ ಕಾಡಿನಂಚಿನ ಲಾಡ್ಜಿನಲ್ಲಿ ತಂಗಿದೆವು, ಮರುದಿನ ಬೆಳಿಗ್ಗೆ ಬಾತೆಕ್ ಜನರ ಹಟ್ಟಿಗೆ ಕರೆದೊಯ್ದರು. ಇವರು ಆ ಕಾಡಿನ ಮೂಲನಿವಾಸಿಗಳು. ಎಲೆ ಹೊದೆಸಿದ ಏಳೆಂಟು ಗುಡಿಸಲು, ಬೆಂಕಿ, ಮಕ್ಕಳು, ಮೊಬೈಲ್ ನೋಡುತ್ತ ಕುಳಿತ ಇಬ್ಬರು ತರುಣರು. ಒಬ್ಬ ಹಿರಿಯರು ಬೆತ್ತ ತಿಕ್ಕಿ ಬೆಂಕಿ ಮಾಡಿ ತೋರಿಸಿದರು. ಅವರ ಮುಖದಲ್ಲಿ, ಅದೇ ಪಾಠವನ್ನು ಎಂಟನೆಯ ಸಲ ಮಾಡುವ ಮಾಸ್ತರರ ತಾಳ್ಮೆ ಇತ್ತು. ನಾನು ಗುರುತು ಹಿಡಿದೆ.

ಜಿಗಣೆಗೆ ಹೆದರಿ ನಾವೆಲ್ಲ ಪ್ಯಾಂಟು, ಚೂಡಿದಾರಗಳ ಮೇಲೆ ಮೊಣಕಾಲುಮಟ ಕಾಲುಚೀಲ ಏರಿಸಿಕೊಂಡಿದ್ದೆವು. ಹೆಂಗಸರು ನಮ್ಮ ಕಾಲು ನೋಡಿ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ನಾವು ಅವರ ಫೋಟೋ ತೆಗೆದೆವು, ಮೊಬೈಲಿದ್ದ ತರುಣ ನಮ್ಮ ಕಾಲಿನ ಫೋಟೋ ತೆಗೆದ. ನಮ್ಮವರೊಬ್ಬರು ಕನಿಕರದಿಂದ, "ಪಾಪ, ಜಂಗ್ಲಿ ಮಂದಿ" ಎಂದರು. ಜಂಗ್ಲಿ ಎಂಬುದು ಬೈಗುಳವಾದದ್ದು ಹೇಗೆ ಎಂಬ ಬಗ್ಗೆ ನಾನು ಅಲ್ಲೇ ಸಣ್ಣದೊಂದು ಪಾಠ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ಬಸಲಿಂಗಪ್ಪ ಮಾತ್ರ ಬೆಂಕಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು, ಹಿರಿಯರ ಕೈಯಿಂದ ಬೆತ್ತ ಇಸಿದುಕೊಂಡು ತಾನೂ ತಿಕ್ಕಲು ನೋಡುತ್ತಿದ್ದ.

ಒಳಗಿನ ಕಾಲುದಾರಿ

ಹಟ್ಟಿಯಿಂದ ಮುಂದೆ ಕಾಲುದಾರಿ. ಒಳಗೆ ಹೋಗುತ್ತಿದ್ದಂತೆ ಬೆಳಕು ಕಡಿಮೆಯಾಯಿತು, ಸೆಕೆ ಮೈಗೆ ಅಂಟಿಕೊಂಡಿತು. ಮರದ ಬುಡಗಳು ಗೋಡೆಯಂತೆ ನಾಲ್ಕೂ ಕಡೆಗೆ ಚಾಚಿದ್ದವು, ಅವುಗಳ ನಡುವೆ ಒಂದು ಎತ್ತು ಕಟ್ಟಬಹುದಿತ್ತು. ಪ್ರಾಣಿ ಮಾತ್ರ ಒಂದೂ ಇಲ್ಲ. ಎರಡು ತಾಸಿನಲ್ಲಿ ನಾವು ಕಂಡದ್ದು ಜಿಗಣೆ, ಇರುವೆ, ಅದಕ್ಕೂ ಮೊದಲು ಬೆಳಿಗ್ಗೆ ಲಾಡ್ಜಿನ ಅಡುಗೆಮನೆಯ ಹಿಂದೆ ಮುಸುರೆ ತಿನ್ನುತ್ತಿದ್ದ ಒಂದು ಉಡ.

"ಏನೂ ಕಾಣವಲ್ದಲ್ಲಕ್ಕಾ" ಎಂದ ತಮ್ಮ. "ಎಲ್ಲಿ ನೋಡಿದ್ರೂ ಏನರ ಒಂದು ಅಡ್ಡ ಬರ್ತೈತಿ." ಸುಳ್ಳದಲ್ಲಿ ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಮೂರು ಊರಿನ ಗುಡಿಯ ಶಿಖರಗಳು ಕಾಣುತ್ತವೆ. ಐವತ್ತೇಳು ವರ್ಷ ಅಂಥ ಬಯಲಿನಲ್ಲಿ ಕಣ್ಣು ಹಾಯಿಸಿದವನಿಗೆ ಇಲ್ಲಿ ಹತ್ತು ಮಾರಿನ ಆಚೆ ನೋಟವೇ ಹೋಗುತ್ತಿರಲಿಲ್ಲ.

ಆದರೂ ಅವನಿಗೆ ಖುಷಿಯಾಗಿತ್ತು. ಒಂದು ದೊಡ್ಡ ಮರದ ಕೆಳಗೆ ಎಲ್ಲರೂ ದಣಿವಾರಿಸಿಕೊಳ್ಳಲು ನಿಂತೆವು. ಅವನು ಬೊಡ್ಡೆಯ ಮೇಲೆ ಅಂಗೈ ಇಟ್ಟು, ಕತ್ತೆತ್ತಿ ತುದಿ ಹುಡುಕುತ್ತ, ಸುತ್ತ ಇದ್ದವರಿಗೆಲ್ಲ ಕೇಳುವಂತೆ ಹೇಳಿದ. "ಇದು ನೋಡ್ರಿ, ಖರೇ ಜಂಗಲ್ ಅಂದ್ರ ಇದು."

ನಾನು ಬೇರಿನ ಮೇಲೆ ಕುಳಿತು, ಕಾಲುಚೀಲ ಇಳಿಸಿ, ಹೇಗೋ ಒಳಗೆ ಸೇರಿದ್ದ ಜಿಗಣೆ ಕೀಳುತ್ತಿದ್ದೆ. ಕಣ್ಣು ಎತ್ತದೆಯೇ ಹೇಳಿದೆ. "ಅಲ್ಲ ತಮ್ಮಾ. ಖರೇ ಜಂಗಲ್ ಇದಲ್ಲ. ಶಬ್ದದ ಪ್ರಕಾರ ನೋಡಿದ್ರ ಇದು ಜಂಗಲ್ಲಿನ ಪೂರಾ ವಿರುದ್ಧ." ಒಬ್ಬರು ಅದು ಹೇಗೆ ಎಂದು ಕೇಳಿದರು. ಕೇಳಿದ್ದೇ ತಡ, ನಾನು ಪೂರ್ತಿ ಪಾಠ ಶುರು ಮಾಡಿದೆ. ಜಾಂಗಲ, ಅದಕ್ಕೆ ಎದುರಾಗಿ ನೀರು ನಿಲ್ಲುವ ಆನೂಪ ದೇಶ, ಅಲ್ಲಿನ ಜನಕ್ಕೆ ಹತ್ತುವ ರೋಗಗಳು, ಜೆಂಗಾಲಾ, ಆಂಗ್ಲರು ಎಲ್ಲ ಬಂತು. ನಮ್ಮ ತಮ್ಮ ನಿನ್ನೆ ತಾಳೆತೋಟವನ್ನೇ ಕಾಡೆಂದು ತಿಳಿದದ್ದನ್ನೂ ಉದಾಹರಣೆಗೆ ಬಳಸಿದೆ. ಜನ ನಕ್ಕರು.

ತಮ್ಮ ಬೊಡ್ಡೆಯ ಮೇಲಿಂದ ಕೈ ತೆಗೆದ. ದನಿ ಏರಿಸದೆ ಹೇಳಿದ. "ಅಕ್ಕಾ, ನಾ ಏನರ ಒಂದು ಅಂದ್ರ, ಅದು ಒಂದರ ಹಂಗ ಇರ್ಲಿ ಅಂತ ಬಿಡಬಾರದೇನು?"

"ತಪ್ಪು ತಿದ್ದೂದು ಬ್ಯಾಡೇನು?"

"ಮುಂದ ಇರ್ತೇನಿ" ಎಂದು ಹೇಳಿ ಅವನು ದಾರಿಯ ತಿರುವಿನಲ್ಲಿ ಮರೆಯಾದ.

ನಾನು ಪಾಠವನ್ನು ಮುಂದುವರಿಸಿದೆ. ಇದನ್ನು ಬರೆಯುವುದು ಕಷ್ಟ, ಆದರೆ ನಡೆದದ್ದು ಹಾಗೆಯೇ. ತಮ್ಮ ಹೋದದ್ದನ್ನು ನೋಡಿದೆ, ಕಾಲು ಗಂಟೆ ಮಾತಾಡಿದೆ, ಜನ ಆಸಕ್ತಿಯಿಂದ ಕೇಳಿದರು.

ಹೊರಡುವಾಗ ಹಾಶಿಮ್ ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹನ್ನೊಂದು. ತಿರುವಿನ ಆಚೆ ದಾರಿ ಎರಡಾಗಿ ಒಡೆದಿತ್ತು. ಒಂದು ನಾವು ಹೋಗಬೇಕಾದದ್ದು. ಇನ್ನೊಂದು, ಹಾಶಿಮ್ ಹೇಳಿದಂತೆ, ದಾರಿಯೇ ಅಲ್ಲ. ಕಾಡುಹಂದಿಗಳು ಓಡಾಡಿ ಹಾಗೆ ಕಾಣುತ್ತಿತ್ತು, ಅಷ್ಟೇ.

ಸಂತೋಷ ಫೋನ್ ಹಚ್ಚಿದ. ಸಿಗ್ನಲ್ ಇರಲಿಲ್ಲ. ಆಗ ನನಗೆ ಮಧ್ಯಾಹ್ನದ ಗುಳಿಗೆ ನೆನಪಾಯಿತು. ಕೈಚೀಲ ತೆರೆದು ನೋಡಿದೆ. ಎಲ್ಲವೂ ಅಲ್ಲಿಯೇ ಇದ್ದವು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ನನ್ನ ಮುದ್ದಾದ ಅಕ್ಷರದಲ್ಲಿ ಬರೆದ ಲಕೋಟೆಗಳಲ್ಲಿ.

ಹುಡುಕಾಟ

ಹಾಶಿಮ್ ಗಾಬರಿಯಾಗಲಿಲ್ಲ, ಅಥವಾ ತೋರಿಸಲಿಲ್ಲ. ವಾಕಿಟಾಕಿಯಲ್ಲಿ ಯಾರಿಗೋ ಹೇಳಿದರು, ಉಳಿದವರು ಮರದ ಕೆಳಗೇ ಕೂಡಬೇಕೆಂದರು. ಸಂತೋಷನನ್ನು ಅವರ ಜೊತೆಗೆ ಬಿಟ್ಟರು. ಅರ್ಧ ತಾಸಿನಲ್ಲಿ ಬೆಳಿಗ್ಗೆ ಬೆಂಕಿ ಮಾಡಿ ತೋರಿಸಿದ್ದ ಹಿರಿಯರು ಬಂದರು. ನಾನೂ ಬರುತ್ತೇನೆಂದೆ. ಬೇಡವೆಂದರು. ಕೇಳುವವಳಲ್ಲವೆಂದು ಕಂಡ ಮೇಲೆ ಹಾಶಿಮ್ ನನ್ನನ್ನು ತಮ್ಮ ಹಿಂದೆ ನಡೆಸಿಕೊಂಡರು.

"ಬಸಲಿಂಗಾ" ಎಂದು ಕೂಗಿದೆ. ಸುಳ್ಳದಲ್ಲಿ ನಮ್ಮವ್ವ ಬಾವಿಕಟ್ಟೆಯ ಮೇಲೆ ನಿಂತು ಹೀಗೆ ಕರೆದರೆ ನಾಲ್ಕು ಹೊಲದ ಆಚೆಗೆ ಕೇಳುತ್ತಿತ್ತು. ಇಲ್ಲಿ ನನ್ನ ಕೂಗು ಹಸಿ ಬಟ್ಟೆಯಂತೆ ನನ್ನ ಕಾಲ ಬಳಿಯೇ ಬಿತ್ತು. ಹಿರಿಯರು ನೆಲ ನೋಡುತ್ತಿರಲಿಲ್ಲ, ಎಲೆ ನೋಡುತ್ತಿದ್ದರು. ಯಾವುದೋ ಎಲೆ ತಿರುಗಿ ಬಿಳಿಬೆನ್ನು ಕಾಣಿಸಿದರೆ ಅಲ್ಲಿ ನಿಲ್ಲುವರು, ಮುಂದೆ ನಡೆಯುವರು. ನನಗೆ ಎಲ್ಲ ಎಲೆಗಳೂ ಒಂದೇ. ಸಂಧಿ ಸಮಾಸ ಬಿಡಿಸಿದ ನನ್ನ ಕಣ್ಣಿಗೆ ಆ ಪುಟದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ಸತ್ತೂರಿನ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದ ದಿನ ನಾನು ಹೊರಗೆ ಕುಳಿತು ಗೋಡೆಯ ಮೇಲಿನ ಬೋರ್ಡುಗಳನ್ನೆಲ್ಲ ಓದಿ ಮುಗಿಸಿದ್ದೆ. ಮತ್ತೆ ಮೊದಲಿನಿಂದ ಓದಿದ್ದೆ. ಹೆದರಿಕೆಯಾದಾಗ ನಾನು ಅಕ್ಷರಗಳ ಕಡೆಗೆ ಓಡುತ್ತೇನೆ ಎಂಬುದು ಆ ಹಂದಿದಾರಿಯಲ್ಲಿ ನಡೆಯುವಾಗ ತಿಳಿಯಿತು. ಈ ಪ್ರವಾಸದುದ್ದಕ್ಕೂ ಅವನ ಮುಖ ಬೆವರಿದಾಗೊಮ್ಮೆ, ಉಸಿರು ಬಿಗಿ ಹಿಡಿದಾಗೊಮ್ಮೆ, ನಾನು ಯಾವುದೋ ಶಬ್ದದ ಅರ್ಥ ಹೇಳಿದ್ದೆ. ಅವನಿಗೆ ಅದು ಹೇಗೆ ಗೊತ್ತಾಗಬೇಕು? ನನಗೇ ಗೊತ್ತಿರಲಿಲ್ಲ.

ಒಂದೂವರೆ ತಾಸು ನಡೆದಿರಬೇಕು. ಹಿರಿಯರು ನಿಂತು ಮೂಗು ಅರಳಿಸಿದರು. ಹೊಗೆ. ನಾಲ್ಕು ಹೆಜ್ಜೆ ಮುಂದೆ, ಎರಡು ಬೇರುಗೋಡೆಗಳ ನಡುವೆ, ಮನೆಯ ಕಟ್ಟೆಗೆ ಒರಗಿದವನಂತೆ ಒರಗಿ ಕುಳಿತಿದ್ದ ನನ್ನ ತಮ್ಮ. ಎದುರಿಗೆ ಸಣ್ಣ ಬೆಂಕಿ. ಬೆಂಕಿಯ ಆಚೆ ಒಬ್ಬ ಬಾತೆಕ್ ಹೆಂಗಸು, ಮಗ್ಗುಲಲ್ಲಿ ಅಗೆಯುವ ಕೋಲು. ನಡುವೆ ಎಲೆಯ ಮೇಲೆ ಸುಟ್ಟ ಗೆಣಸಿನಂಥ ಗೆಡ್ಡೆ, ಅದರ ಪಕ್ಕ ಮುರಿದ ಕಡಕ್ ರೊಟ್ಟಿ.

"ಬಂದ್ಯಾ?" ಎಂದ. "ಗುಳಿಗಿ ತಂದೀಯಕ್ಕಾ?"

ಲಕೋಟೆಗಳನ್ನೆಲ್ಲ ಒಟ್ಟಿಗೇ ಅವನ ಮುಂದೆ ಹಿಡಿದೆ. ಅವನೇ ಮಧ್ಯಾಹ್ನದ್ದನ್ನು ಆರಿಸಿ ಬಿಚ್ಚಿ, ಗುಳಿಗೆ ನುಂಗಿ ನೀರು ಕುಡಿದ. ಆಮೇಲೆ ನನ್ನ ಕೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ಹಿಡಿದುಕೊಂಡ.

"ಮುಂದ ಬಯಲು ಸಿಗ್ತೈತಿ ಅಂದ್ಕೊಂಡು ನಡದೆ" ಎಂದ. "ನಮ್ಮ ಕಡೆ ಹಂಗಲ್ಲೇನು, ಯಾವ ದಿಕ್ಕಿಗೆ ನಡದ್ರೂ ಬಯಲು ಸಿಗ್ತೈತಿ. ಇಲ್ಲಿ ನಡದಷ್ಟೂ ಒಳಗ ಹೋದೆ. ಎದಿ ಬಡಕೊಳ್ಳಾಕ ಹತ್ತಿತು. ಖರೇ ಹೇಳಬೇಕಂದ್ರ ಅಳಾಕತ್ತಿದ್ದೆ. ಈಕಿ ಬಂದ್ಲು. ನೆಲಾ ತೋರಿಸಿ, ಕೂಡು ಅಂತ ಸನ್ನಿ ಮಾಡಿದ್ಲು. ನಾ ಎದ್ರ ಮತ್ತ ಕೂಡಸ್ತಿದ್ಲು. ತಾನೂ ಹೋಗಲಿಲ್ಲ."

"ಏನು ಮಾತಾಡಿದ್ರಿ?"

"ನಾ ನಮ್ಮ ಮಾತು, ಆಕಿ ಆಕಿ ಮಾತು. ಸುತ್ತಲೂ ತೋರಿಸಿ 'ಹೆಪ್' ಅಂದ್ಲು. ನಾ ಜಂಗಲ್ ಅಂದೆ. ನಕ್ಕಳು. ಆಮ್ಯಾಲೆ ನಾನೂ ಹೆಪ್ ಅಂದೆ. ತಲಿ ಆಡಿಸಿದ್ಲು."

ಹೆಪ್ ಎಂದರೆ ಕಾಡು ಎಂದು ಹಾಶಿಮ್ ವಿವರಿಸಿದರು. ಇವರಿಗೆ ಅದೇ ಊರು, ಅದೇ ತಂಪು, ಅದೇ ಆರೋಗ್ಯ. ಮರ ಕಡಿದು ಬಯಲು ಮಾಡಿದ ಜಾಗಕ್ಕೆ ಹೆಚ್ಚು ಹೊತ್ತು ಹೋಗಲು ಹೆದರುತ್ತಾರೆ, ಅಲ್ಲಿ ಬಿಸಿಲು ಜಾಸ್ತಿ, ಜ್ವರ ಬರುತ್ತದೆ ಎನ್ನುತ್ತಾರೆ ಎಂದರು. ನಮ್ಮ ವೈದ್ಯರು ಒಣ ನೆಲವನ್ನು ಹೊಗಳಿ, ಹಸಿ ನೆಲದಲ್ಲಿ ರೋಗ ಎಂದು ಬರೆದದ್ದಕ್ಕೆ ಇದು ಸರಿಯಾಗಿ ಎದುರು. ಯಾರ ನೆಲ ಅವರಿಗೆ ಔಷಧಿ. ಇಷ್ಟು ಚೆಂದದ ಉದಾಹರಣೆ ನನಗೆ ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಹೇಳಲು ಬಾಯಿ ತೆರೆದೆ. ತಮ್ಮ ನನ್ನ ಮುಖ ನೋಡಿದ. ನಾನು ಒಂದು ಚೂರು ಗೆಡ್ಡೆಯನ್ನು ಬಾಯಿಗೆ ಹಾಕಿಕೊಂಡೆ.

ಉಳಿದ ರೊಟ್ಟಿಯನ್ನೂ ಹಿಂಡಿಯ ಡಬ್ಬಿಯನ್ನೂ ಅವನು ಆ ಹೆಂಗಸಿನ ಕೈಗೆ ಕೊಟ್ಟ. ಅವಳು ಹಿಂಡಿ ಮೂಸಿ ನೋಡಿ, ನಾಲ್ಕು ಸಲ ಸೀನಿ, ಹಿರಿಯರಿಗೆ ಏನೋ ಹೇಳಿದಳು. ಇಬ್ಬರೂ ಬಿದ್ದುಬಿದ್ದು ನಕ್ಕರು. ಏನೆಂದಳು ಎಂದು ಹಾಶಿಮ್‌ರನ್ನು ಕೇಳಿದೆ. "ಇವನು ಕಳೆದುಹೋದದ್ದು ಏಕೆಂದು ಗೊತ್ತಾಯಿತು, ಇಂಥದ್ದನ್ನು ತಿಂದರೆ ತಲೆ ತಿರುಗದೆ ಇರುತ್ತದೆಯೇ, ಎಂದಳು" ಎಂದರು.

ಸಂಜೆ ಲಾಡ್ಜಿನ ಮೆಟ್ಟಿಲ ಮೇಲೆ ನಾವಿಬ್ಬರೇ ಕುಳಿತಿದ್ದೆವು. "ನಿನ್ನ ಮ್ಯಾಲಿನ ಸಿಟ್ಟಿಗೆ ಹೋಗಿದ್ದಿಲ್ಲ" ಎಂದ. ಕಾಲುಚೀಲದ ಕೆಸರು ಕೊಡವುತ್ತ, "ಹೋಗಿದ್ದೆ" ಎಂದ.

"ನಂದು ತಪ್ಪಾತು" ಎಂದೆ. ಸಾವಿರಾರು ಮಕ್ಕಳ ವಹಿಯಲ್ಲಿ ಕೆಂಪು ಶಾಯಿಯಿಂದ ಬರೆದ ಶಬ್ದವದು. ನನ್ನ ಲೆಕ್ಕಕ್ಕೆ ಅದನ್ನು ಎಂದೂ ಹಾಕಿಕೊಂಡಿರಲಿಲ್ಲ, ನಾಲಿಗೆಗೆ ಬರಲು ತಡವಾಯಿತು. ಅವನು ಸಂಜೆಯ ಲಕೋಟೆಗೆ ಕೈ ಚಾಚಿದ. ನಾನು ಎಲ್ಲ ಲಕೋಟೆಗಳನ್ನೂ ಅವನ ಜೇಬಿಗೇ ಹಾಕಿಬಿಟ್ಟೆ.

ಸುಳ್ಳ

ವಾಪಸ್ಸು ಬಂದು ಒಂದು ತಿಂಗಳಾದ ಮೇಲೆ, ಒಂದು ರವಿವಾರ, ತವರಿಗೆ ಊಟಕ್ಕೆ ಹೋದೆ. ಹೊರಗೆ ಕಟ್ಟೆಯ ಮೇಲೆ ಆರೇಳು ಮಂದಿ ಸೇರಿದ್ದರು. ಬಸಲಿಂಗಪ್ಪ ನಡುವೆ ಕುಳಿತು ಪ್ರವಾಸದ ಕಥೆ ಹೇಳುತ್ತಿದ್ದ. ನಾನು ಒಳಗೆ ತಮ್ಮನ ಹೆಂಡತಿಯ ಜೊತೆ ಬದನೆಕಾಯಿ ಸೀಳುತ್ತ ಕೇಳುತ್ತಿದ್ದೆ.

ಕಥೆ ಚೆನ್ನಾಗಿ ಬೆಳೆದಿತ್ತು. ಮರಗಳು ನಾನು ಕಂಡದ್ದಕ್ಕಿಂತ ದಪ್ಪವಾಗಿದ್ದವು. ಹೊಳೆ ಅಗಲವಾಗಿತ್ತು. ದಾರಿ ತಪ್ಪಿದ ಎರಡೂವರೆ ತಾಸು ಒಂದು ಇಡೀ ಹಗಲಾಗಿತ್ತು. ಅತ್ತದ್ದನ್ನು ಮಾತ್ರ ಅವನು ಇದ್ದದ್ದು ಇದ್ದ ಹಾಗೆ ಹೇಳಿದ, ಮುಚ್ಚಿಡಲಿಲ್ಲ.

"ಮತ್ತ ಹುಲಿ ಕಂಡ್ರೇನ್ರಿ ಕಾಕಾ?" ಎಂದು ಯಾರೋ ಕೇಳಿದರು.

"ಕಾಣದ ಏನು? ಅಗೋ ಆ ಲೈಟಿನ ಕಂಬ ಐತಲ್ಲ, ಅಷ್ಟು ದೂರ. ನಾ ಕುಂತಲ್ಲಿಂದ ಅಳ್ಳಾಡಲಿಲ್ಲ. ಅದು ನನ್ನ ನೋಡ್ತು, ನಾ ಅದನ್ನ ನೋಡಿದೆ."

ಅಷ್ಟರಲ್ಲಿ ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದಿದ್ದೆ. ನನ್ನನ್ನು ಕಂಡದ್ದೇ ಅವನ ಮಾತು ನಿಂತಿತು. ಕಟ್ಟೆಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಈ ಊರಿನಲ್ಲಿ ನನ್ನ ಸ್ವಭಾವ ಎಲ್ಲರಿಗೂ ಗೊತ್ತು. ಅವರಲ್ಲಿ ವಯಸ್ಸಾದವರೊಬ್ಬರು ನಗು ತಡೆಹಿಡಿದು ಕೇಳಿದರು. "ಖರೇ ಏನ್ರಿ ಅಕ್ಕೋರ? ಆ ಕಂಬದಷ್ಟು ದೂರ ಹುಲಿ ಇತ್ತಂತ."

ತಮ್ಮ ತನ್ನ ಅಂಗೈ ನೋಡಿಕೊಳ್ಳುತ್ತ ಕುಳಿತಿದ್ದ.

"ಇಲ್ಲ" ಎಂದೆ. "ಅವ ತಪ್ಪು ಹೇಳಾಕತ್ತಾನ."

ಒಬ್ಬೊಬ್ಬರ ಕೈಗೂ ಚಹಾದ ಕಪ್ಪು ಕೊಟ್ಟೆ. ಕೊನೆಯದು ಅವನಿಗೆ. ಅವನು ತಲೆ ಎತ್ತದೆಯೇ ತೆಗೆದುಕೊಂಡ.

"ಕಂಬದಷ್ಟು ದೂರ ಎಲ್ಲಿತ್ತು?" ಎಂದು ಕಟ್ಟೆಯ ಮೆಟ್ಟಿಲು ತೋರಿಸಿದೆ. "ಇಲ್ಲೇ, ಈ ಪಾವಟಿಗಿ ಹತ್ರ ಇತ್ತು."